ಕಡಲಹೂವೆಂಬ ಹೆಸರೂ ರಕ್ತಬೀಜನ್ಯಾಯವೂ

ಒಂದು ವಸ್ತುವಿಗೆ ನಾವಿಡುವ ಹೆಸರು ಆ ವಸ್ತುವಿನ ವಿಷಯದಲ್ಲಿ ನಮ್ಮ ನಡತೆಯನ್ನೂ ನಿಯಮಿಸುತ್ತದೆಂಬುದು ಶಬ್ದಶಾಸ್ತ್ರಜ್ಞರಿಗೆ ಹೊಸತಲ್ಲ. ಹೆಸರು ದಾರಿತಪ್ಪಿಸಿದರೆ ಉಪಾಯವೂ ದಾರಿತಪ್ಪುವುದೆಂಬುದಕ್ಕೆ ಈಚೆಗೆ ಭದ್ರಾವತಿಯಲ್ಲಿ ನನಗೆ ದೊರೆತ ನಿದರ್ಶನವೊಂದನ್ನು ವಾಚಕರ ಮುಂದಿಡುತ್ತೇನೆ. ವಿಷಯವು ಗಾಜಿನ ತೊಟ್ಟಿಯೊಳಗಣ ಒಂದು ಅಲ್ಪಜೀವಿಯದಾದರೂ ಅದರಿಂದ ಪರಿಭಾಷೆಗೂ ಪುರಾಣಪಾಠಕ್ಕೂ ಕೆಲವು ಪ್ರಯೋಜನಗಳುಂಟು.

ಶಿವಮೊಗ್ಗೆಯು ತುಂಗೆಯ ತೀರದ್ದು, ಭದ್ರಾವತಿಯು ಭದ್ರೆಯ ತೀರದ್ದು. ಎರಡೂ ಸಿಹಿನೀರಿನ ಊರುಗಳು. ಕಡಲು ಘಟ್ಟದ ಆಚೆಗಿದೆ. ಆದುದರಿಂದ ಇಲ್ಲಿ ಕಡಲಮೀನನ್ನು ಸಾಕಬೇಕೆನ್ನುವವರು ಕಡಲನ್ನೇ ಮನೆಯಲ್ಲಿ ಮಾಡಿಕೊಳ್ಳಬೇಕಾಗುತ್ತದೆ. ಶುದ್ಧೀಕರಿಸಿದ ನೀರಿನ ಲೀಟರೊಂದಕ್ಕೆ ಸುಮಾರು ೩೫ ಗ್ರಾಂ ಲವಣಮಿಶ್ರಣವನ್ನು ಕರಗಿಸಬೇಕು. ನೂರು ಲೀಟರಿನ ತೊಟ್ಟಿಗೆ ಮೂರೂವರೆ ಕಿಲೋಗ್ರಾಂ. ಅಡುಗೆಯ ಉಪ್ಪು ಇದಕ್ಕೆ ಸಾಲದು; ಮೆಗ್ನೀಸಿಯಂ, ಕ್ಯಾಲ್ಸಿಯಂ ಮುಂತಾದವುಗಳೂ ತಕ್ಕ ಪ್ರಮಾಣದಲ್ಲಿ ಬೇಕು. ಭದ್ರಾವತಿಯ ನಮ್ಮ ಬಂಧುಗಳೊಬ್ಬರು ಇಂತಹ ತೊಟ್ಟಿಯೊಂದನ್ನು ಇಟ್ಟಿದ್ದಾರೆ.

ಒಂದು ದಿನ ಆ ತೊಟ್ಟಿಯ ಕಲ್ಲಿನ ಸಂದಿನಲ್ಲಿ ಕಂದುಬಣ್ಣದ, ನಸುಪಾರದರ್ಶಕವಾದ, ನೀಳ ಎಸಳುಗಳ ಪುಷ್ಪದಂತಹುದೊಂದು ಕಾಣಿಸಿತು. ಹೊರಗಿನಿಂದ ತಂದ ಕಲ್ಲಿನೊಡನೆ ಅದು ಬಂದಿತ್ತು. ಕಡಲಹೂವೆಂದು ಮನೆಯವರು ಸಂತೋಷಪಟ್ಟರು. ಕೆಲವು ದಿನಗಳಲ್ಲಿ ಅದು ನೆರೆಯ ಜೀವಿಗಳನ್ನು ಕುಟುಕಿ ಪೀಡಿಸತೊಡಗಲು, ಕಿತ್ತು ಹಾಕಬೇಕೆಂದಾಯಿತು. ಹೂವೆಂದ ಮೇಲೆ ಕೀಳುವುದಕ್ಕೇನು ಕಷ್ಟ? ಆ ಕೆಲಸವನ್ನು ನಾನೇ ವಹಿಸಿಕೊಂಡು, ಚಾಕುವಿನಿಂದ ಕಲ್ಲನ್ನು ಕೆರೆದು, ಕಳೆ ಹೋಯಿತೆಂದು ಕೈತೊಳೆದೆನು. ಕೆಲವು ವಾರಗಳಲ್ಲಿ ಒಂದಿದ್ದ ಕಡೆ ಹತ್ತಾರು ತಲೆಯೆತ್ತಿದುವು.

ಇದು ಹೂವಲ್ಲ, ಗಿಡವೂ ಅಲ್ಲ, ಪ್ರಾಣಿ. ವಿಜ್ಞಾನಿಗಳು ಇದನ್ನು ಐಪ್ಟೇಸಿಯಾ ಎಂದು ಕರೆಯುವರು. ಹವಳ, ಅಂಬಲಿಮೀನುಗಳನ್ನೊಳಗೊಂಡ ಕುಟುಕುಕಣಗಳ ಜೀವಿಗಳ ವಂಶಕ್ಕೆ ಇದು ಸೇರಿದ್ದು. ಆ ವಂಶದ ಗ್ರೀಕ್ ಮೂಲದ ಹೆಸರಿನಲ್ಲಿರುವುದು ತುರಿಕೆಗಿಡವೆಂಬರ್ಥದ ಶಬ್ದ. ಎಸಳೆಂದು ನಾವು ಕಂಡುದು ಬೇಟೆಯನ್ನು ಹಿಡಿಯುವ ಬಾಹುಗಳು. ನಡುವಣದು ಕರ್ಣಿಕೆಯಲ್ಲ, ಬಾಯಿ. ಬುಡವು ಬೇರಲ್ಲ, ಪಾದ. ಕಂದುಬಣ್ಣವು ಅದರ ಮೈಯೊಳಗೆ ನೆಲಸಿ ಬೆಳಕಿನಿಂದ ಆಹಾರವನ್ನು ಸಿದ್ಧಪಡಿಸಿಕೊಡುವ ಸೂಕ್ಷ್ಮಪಾಚಿಯದು. ಈ ಪ್ರಾಣಿಯು ಕಲ್ಲಿನ ಮೇಲೆ ಮೆಲ್ಲನೆ ಸರಿಯುವಾಗ ಪಾದದ ಅಂಚಿನ ತುಣುಕುಗಳು ಹರಿದು ಹಿಂದುಳಿಯುತ್ತವೆ. ಒಂದೊಂದು ತುಣುಕೂ ಬೆಳೆದು ಪೂರ್ಣಜೀವಿಯಾಗುತ್ತದೆ. ಕೆರೆದವನು ಅದರ ಸಂತಾನಕಾರ್ಯಕ್ಕೆ ನೆರವಾದಂತಾಯಿತು.

ನಮ್ಮ ಶಾಸ್ತ್ರಕಾರರು ಜೀವಿಗಳನ್ನು ಜರಾಯುಜ, ಅಂಡಜ, ಸ್ವೇದಜ, ಉದ್ಭಿಜ್ಜಗಳೆಂದು ನಾಲ್ಕಾಗಿ ವಿಂಗಡಿಸಿರುವರಷ್ಟೆ. ಬೀಜದಿಂದಲೂ ಕತ್ತರಿಸಿದ ಕಾಂಡದಿಂದಲೂ ಹುಟ್ಟುವ ಶಕ್ತಿಯನ್ನು ಮನುಸ್ಮೃತಿಯ ಪ್ರಥಮಾಧ್ಯಾಯವು ಉದ್ಭಿಜ್ಜಗಳಿಗೆ ಹೇಳುತ್ತದೆ. ಈ ಜೀವಿಯಾದರೋ ಪ್ರಾಣಿಯಾಗಿದ್ದೂ ಖಂಡದಿಂದ ಹುಟ್ಟುವುದು. ಇದಲ್ಲದೆ ತತ್ತಿಯ ಮೂಲಕವೂ ಹುಟ್ಟಬಲ್ಲುದು. ಆದುದರಿಂದ ಈ ನಾಲ್ಕು ವಿಭಾಗಗಳಲ್ಲಿ ಯಾವುದೊಂದರಲ್ಲಿಯೂ ಇದು ಸಂಪೂರ್ಣವಾಗಿ ಅಡಗದು.

ಆದರೆ ಶಾಸ್ತ್ರದಲ್ಲಿ ದೊರೆಯದುದು ಪುರಾಣದಲ್ಲಿ ದೊರೆಯುತ್ತದೆ. ಮಾರ್ಕಂಡೇಯಪುರಾಣಾಂತರ್ಗತವಾದ ದೇವೀಮಾಹಾತ್ಮ್ಯದ ಎಂಟನೆಯ ಅಧ್ಯಾಯದ ರಕ್ತಬೀಜನ ಕಥೆಯನ್ನು ಕನ್ನಡಿಗರು ಚಿದಾನಂದಾವಧೂತರ ಷಟ್ಪದಿಯಿಂದಲೂ ಯಕ್ಷಗಾನದಿಂದಲೂ ಬಲ್ಲರು. ಮಾತೃಕೆಯರು ಅವನನ್ನು ಇರಿದಷ್ಟೂ ನೆಲಕ್ಕೆ ಬಿದ್ದ ಒಂದೊಂದು ಹನಿಯಿಂದ ಅವನಂತಹ ಅಸುರನೊಬ್ಬನು ಹುಟ್ಟಿದನು. ಆಗ ದೇವಿಯು ಮತ್ತೊಂದು ಆಯುಧವನ್ನು ಹುಡುಕಲಿಲ್ಲ. ಚಾಮುಂಡೆಗೆ ಬಾಯನ್ನು ವಿಸ್ತರಿಸಿ ಹನಿ ನೆಲಕ್ಕೆ ಬೀಳದಂತೆ ಕುಡಿಯೆಂದಳು. ಪಾಠ ಹೇಳುವಾಗ ಇದನ್ನು ಕೇವಲ ಅತಿಶಯೋಕ್ತಿಯೆಂದು ದಾಟಿಹೋಗುವುದು ವಾಡಿಕೆ. ನಾನೂ ಬಹುಕಾಲ ಹಾಗೆಯೇ ಹೇಳಿಕೊಡುತ್ತಿದ್ದೆನು. ಕಡಿದರೆ ಹೆಚ್ಚುವ ಶತ್ರುವನ್ನು ಕಡಿಯಬಾರದು, ಇಡಿಯಾಗಿ ನುಂಗಿಸಬೇಕೆಂಬ ನೀತಿ ಅಲ್ಲಿದೆ. ಇದನ್ನು ರಕ್ತಬೀಜನ್ಯಾಯವೆಂದು ಕರೆಯಬಹುದು.

ತೊಟ್ಟಿಯನ್ನು ಸಾಕುವವರ ಉಪಾಯಗಳು ಎರಡು ಬಗೆ. ಮೊದಲನೆಯದು, ಇದ್ದಲ್ಲಿಯೇ ಕೊಲ್ಲುವುದು. ಶುದ್ಧವಾದ ಸುಣ್ಣದಹುಡಿಯನ್ನು ನೀರಿನಲ್ಲಿ ಗಟ್ಟಿಯಾಗಿ ಕಲಸಿ, ನೀರಿನ ಹರಿವನ್ನು ನಿಲ್ಲಿಸಿ, ಜೀವಿಯು ಅರಳಿರುವಾಗ ಸಿರಿಂಜಿನಿಂದ ಅದರ ಬಾಯಿಗೆ ಮೆಲ್ಲನೆ ಬಿಡಬೇಕು. ಬೆದರಿಸಿದರೆ ಸಂದಿಯೊಳಕ್ಕೆ ಸೇದಿಕೊಂಡುಬಿಡುವುದು. ಸುಣ್ಣವು ನೀರಿನ ಕ್ಷಾರಗುಣವನ್ನು ಏರಿಸುವುದರಿಂದ ಒಂದು ಸಲಕ್ಕೆ ಮೂರುನಾಲ್ಕನ್ನು ಮೀರಬಾರದು. ಕಣ್ಣು ಕೈಗಳನ್ನೂ ಕಾಪಾಡಿಕೊಳ್ಳಬೇಕು. ಸಂಖ್ಯೆ ಕಡಮೆಯಿದ್ದಾಗ ಮಾತ್ರ ಇದು ಸಾಧು.

ಎರಡನೆಯದು, ತಿನ್ನಿಸುವುದು. ಪೆಪ್ಪರ್‌ಮಿಂಟ್ ಸೀಗಡಿಯೆಂಬುದು ಚಿಕ್ಕವನ್ನು ತಿನ್ನುತ್ತದೆ. ಆದರೆ ಅದನ್ನು ಹೋಲುವ, ಹವಳವನ್ನು ತಿನ್ನುವ ಬೇರೊಂದು ಸೀಗಡಿಯೂ ಉಂಟಾದುದರಿಂದ ಕೊಳ್ಳುವಾಗ ಎಚ್ಚರ ಬೇಕು. ಚಾಮುಂಡೆಗೆ ನಿಜವಾಗಿ ಹೋಲುವುದು ಬರ್ಗಿಯಾ ಎಂಬ, ಚಿಪ್ಪಿಲ್ಲದ ಪುಟ್ಟ ಕಡಲಹುಳು. ಐಪ್ಟೇಸಿಯಾ ಅಲ್ಲದೆ ಬೇರಾವುದೂ ಅದಕ್ಕೆ ಆಹಾರವಲ್ಲ. ತಿಂದ ಜೀವಿಯ ಕುಟುಕುಕೋಶಗಳನ್ನು ಸಿಡಿಯಗೊಡದೆ ತನ್ನ ಬೆನ್ನಿನ ಕೊಂಬುಗಳಲ್ಲಿ ಸಂಗ್ರಹಿಸಿಕೊಂಡು, ಶತ್ರುವಿನ ಆಯುಧವನ್ನೇ ತನ್ನ ರಕ್ಷೆಯಾಗಿ ಮಾಡಿಕೊಳ್ಳುವುದು. ಆಹಾರ ಮುಗಿದೊಡನೆ ಅದು ಹಸಿವಿನಿಂದ ಸಾಯುವುದಾದುದರಿಂದ, ಕಾರ್ಯವಾದ ಮೇಲೆ ಅಗತ್ಯವಿರುವ ಮತ್ತೊಂದು ತೊಟ್ಟಿಗೆ ಕಳುಹಿಸುವುದು ಧರ್ಮ.

ಈ ನ್ಯಾಯವು ತೊಟ್ಟಿಗೆ ಮಾತ್ರ ಸೀಮಿತವಲ್ಲ. ಸಾಲ್ವಿನಿಯಾ ಎಂಬ ತೇಲುವ ಜಲಕಳೆಯು ಬೀಜವಿಲ್ಲದೆ ತುಂಡುಗಳಿಂದಲೇ ಹಬ್ಬುವಂತಹುದು. ಎಳೆದು ತೆಗೆದಷ್ಟೂ ಒಡೆದು ಹೆಚ್ಚುತ್ತಿತ್ತು. ೧೯೮೩-೮೪ರಲ್ಲಿ ಬೆಂಗಳೂರಿನ ತಾವರೆಗೊಳವೊಂದರಲ್ಲಿ ಆ ಕಳೆಯನ್ನು ತಿನ್ನುವ ಮೂತಿಹುಳುವನ್ನು ಬಿಡಲಾಯಿತು. ವರ್ಷ ತುಂಬುವುದರೊಳಗಾಗಿ ಕಳೆ ಅಡಗಿತು. ಆಮೇಲೆ ಕೇರಳದ ಜಲಾಶಯಗಳಿಗೂ ಅದೇ ಉಪಾಯ ಫಲಿಸಿತು.

ಇನ್ನು ಹೆಸರಿನ ವಿಚಾರ. ಇಂಗ್ಲಿಷಿನವರೂ ಇದನ್ನು ಹೂವೊಂದರ ಹೆಸರಿನಿಂದಲೇ ಕರೆಯುವರು. ಆದರೆ ಇದರ ವರ್ಗಕ್ಕೆ ವಿಜ್ಞಾನಿಗಳಿಟ್ಟ ಗ್ರೀಕ್ ಮೂಲದ ಹೆಸರು ಹೂವನ್ನು ಕೈಬಿಡದೆ ಅದರೊಡನೆ ಪ್ರಾಣಿಶಬ್ದವನ್ನು ಸೇರಿಸುತ್ತದೆ. ಕನ್ನಡದಲ್ಲಿಯೂ ಅದೇ ಮಾರ್ಗ ಯುಕ್ತವೆಂದು ತೋರುತ್ತದೆ. ಹೂಪ್ರಾಣಿಯೆಂದರೆ ಅರಿಸಮಾಸವಾಗುವುದು, ಪುಷ್ಪಪ್ರಾಣಿಯೆನ್ನುವುದು ನಿರ್ದುಷ್ಟ. ಕಾವ್ಯದಲ್ಲಿ ಕಡಲಹೂವಿರಲಿ, ಪಾಠದಲ್ಲಿಯೂ ಕೋಶದಲ್ಲಿಯೂ ಪುಷ್ಪಪ್ರಾಣಿಯೆಂಬ ಹೆಸರು ನಿಲ್ಲಲಿ. ಪ್ರಾಣಿಯೆಂದು ತಿಳಿದಿದ್ದರೆ ನಾನು ಅಂದು ಚಾಕುವನ್ನು ಎತ್ತುತ್ತಿರಲಿಲ್ಲ.

ಬಂಧುಗಳ ತೊಟ್ಟಿಯಲ್ಲಿ ಸುಣ್ಣದ ಚಿಕಿತ್ಸೆ ಈಗಲೂ ನಡೆಯುತ್ತಿದೆ. ಹೊಸ ಕಲ್ಲನ್ನು ತಂದೊಡನೆ ಬೇರೆ ಪಾತ್ರೆಯಲ್ಲಿ ಕೆಲವು ವಾರ ಇರಿಸಿ ಪರೀಕ್ಷಿಸುವುದೂ, ಮೀನಿಗೆ ಮಿತವಾಗಿ ಆಹಾರ ಹಾಕುವುದೂ ಅಲ್ಲಿ ನಿಯಮವಾಗಿದೆ. ಪದದ ಯುಕ್ತಾಯುಕ್ತತೆಯನ್ನು ವಿದ್ವಾಂಸರು ವಿಮರ್ಶಿಸಬೇಕೆಂದು ಪ್ರಾರ್ಥಿಸುತ್ತೇನೆ.