50 ಕಿಲೋಗ್ರಾಂ ಎಲ್ಲ ಕಡೆಯೂ 50 ಕಿಲೋಗ್ರಾಮೇ?
ಸ್ಮಿತ್ ಯಂತ್ರವನ್ನು ಕೊಳ್ಳುವ ಮುನ್ನ ಸ್ವಲ್ಪ ಭೌತವಿಜ್ಞಾನ

ಕೆಲವು ವರ್ಷಗಳ ಹಿಂದೆ ಬಿ.ಎಸ್‌ಸಿ. ಎರಡನೆಯ ವರ್ಷದ ವಿದ್ಯಾರ್ಥಿಯೊಬ್ಬ ಪ್ರಯೋಗಶಾಲೆಗೆ ಬಂದು, "ಸರ್, 50 ಕಿಲೊ ಅಂದ್ರೆ ಎಲ್ಲ ಕಡೆಯೂ 50 ಕಿಲೋನೇ ಅಲ್ವಾ?" ಎಂದು ಕೇಳಿದ. ರಾಶಿಗೂ ತೂಕಕ್ಕೂ ಇರುವ ವ್ಯತ್ಯಾಸದ ಬಗ್ಗೆ ಕೇಳುತ್ತಿದ್ದಾನೆಂದು ನಾನು ತಿಳಿದೆ. ಅವನ ಕಷ್ಟವೇ ಬೇರೆ ಇತ್ತು. ಕಾಲೇಜಿನ ವ್ಯಾಯಾಮಶಾಲೆಯ ಸ್ಮಿತ್ ಯಂತ್ರದಲ್ಲಿ ಅವನು 50 ಕಿ.ಗ್ರಾಂ. ಹೊತ್ತು ಎಂಟು ಬಸ್ಕಿಗಳನ್ನು ನಿರಾಯಾಸವಾಗಿ ಹೊಡೆಯುತ್ತಿದ್ದ. ರಜೆಯಲ್ಲಿ ಊರಿಗೆ ಹೋದಾಗ ಅಲ್ಲಿನ ಜಿಮ್‌ನಲ್ಲಿ ಬಿಡಿ ಬಾರ್‌ಗೆ ಅಷ್ಟೇ ತೂಕ ಏರಿಸಿ ಹೆಗಲ ಮೇಲಿಟ್ಟುಕೊಂಡ. ಎರಡನೆಯ ಬಸ್ಕಿಗೆ ಕುಳಿತವನು ಮೇಲೇಳಲಿಲ್ಲ. ಗೆಳೆಯರಿಬ್ಬರು ಎರಡೂ ಬದಿಯಿಂದ ಬಾರ್ ಹಿಡಿದು ಎತ್ತಿದ್ದರಿಂದ ಸೊಂಟನೋವಿನಲ್ಲಿ ಮುಗಿಯಿತು.

ಅವನ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದರೆ, ಸ್ಮಿತ್ ಯಂತ್ರವನ್ನು ಹೇಗೆ ಆರಿಸಬೇಕೆಂಬ ಪ್ರಶ್ನೆಗೂ ಉತ್ತರ ಸಿಗುತ್ತದೆ. ಇಂದು ಅನೇಕ ಶಾಲಾ ಕಾಲೇಜುಗಳು ವ್ಯಾಯಾಮಶಾಲೆ ತೆರೆಯುತ್ತಿವೆ, ಮನೆಯಲ್ಲೇ ಯಂತ್ರ ಇಟ್ಟುಕೊಳ್ಳುವವರೂ ಇದ್ದಾರೆ. ಖರೀದಿಯ ಸಮಿತಿಯಲ್ಲಿ ವಿಜ್ಞಾನದ ಅಧ್ಯಾಪಕರಾದ ನೀವೂ ಇರಬಹುದು. ಬಣ್ಣ ಮತ್ತು ಬೆಲೆ ನೋಡಿ ಸಹಿ ಹಾಕುವ ಮೊದಲು ಒಂದು ಸ್ಪ್ರಿಂಗ್ ತ್ರಾಸನ್ನು ಜೊತೆಗೆ ಒಯ್ಯಿರಿ ಎಂಬುದೇ ಈ ಲೇಖನದ ಒಟ್ಟು ಸಾರ.

ಏನಿದು ಯಂತ್ರ?

ಎರಡು ನಯವಾದ ಉಕ್ಕಿನ ಕಂಬಿಗಳನ್ನು ಚೌಕಟ್ಟಿನಲ್ಲಿ ನಿಲ್ಲಿಸಿದೆ ಎಂದುಕೊಳ್ಳಿ. ಪ್ರತಿ ಕಂಬಿಯ ಮೇಲೆ ಒಂದು ಜಾರುಗೂಡು ಮೇಲೆ ಕೆಳಗೆ ಸರಿಯುತ್ತದೆ. ಈ ಎರಡು ಗೂಡುಗಳಿಗೆ ಅಡ್ಡಲಾಗಿ ಬಾರ್ ಕೂಡಿಸಿದೆ. ಬಾರ್‌ನ ತುದಿಗಳಿಗೆ ತೂಕದ ಪ್ಲೇಟುಗಳನ್ನು ಏರಿಸುತ್ತಾರೆ. ಮಣಿಕಟ್ಟನ್ನು ತಿರುಗಿಸಿದರೆ ಬಾರ್‌ಗೆ ಅಂಟಿದ ಕೊಕ್ಕೆಗಳು ಚೌಕಟ್ಟಿನ ಗೂಟಗಳಿಗೆ ಸಿಕ್ಕಿಕೊಂಡು ಬಾರ್ ನಿಲ್ಲುತ್ತದೆ. ಅಮೆರಿಕದ ವ್ಯಾಯಾಮ ಪ್ರಚಾರಕ ಜಾಕ್ ಲಲೇನ್ ಅವರ ಕಲ್ಪನೆಯನ್ನು ರೂಡಿ ಸ್ಮಿತ್ ಎಂಬವರು 1950ರ ದಶಕದಲ್ಲಿ ಸುಧಾರಿಸಿದರು. ಯಂತ್ರಕ್ಕೆ ಅವರ ಹೆಸರೇ ಉಳಿಯಿತು.

ನಮ್ಮ ಗರಡಿಯ ಗದೆಯಾಗಲಿ, ಜಾತ್ರೆಯಲ್ಲಿ ಎತ್ತುವ ಸಂಗ್ರಾಣಿ ಕಲ್ಲಾಗಲಿ ಯಾವ ದಿಕ್ಕಿಗೆ ಬೇಕಾದರೂ ವಾಲಬಲ್ಲದು. ಸ್ಮಿತ್ ಯಂತ್ರದ ಬಾರ್‌ಗೆ ಇರುವುದು ಒಂದೇ ದಾರಿ. ಈ ಯಂತ್ರದ ಅನುಕೂಲ ಅನನುಕೂಲಗಳೆಲ್ಲ ಇದರಿಂದಲೇ ಹುಟ್ಟುತ್ತವೆ.

ಪ್ರತಿಭಾರದ ಗುಟ್ಟು

ನಾನು ಮತ್ತು ಆ ವಿದ್ಯಾರ್ಥಿ ಲಗೇಜು ತೂಗುವ ಕೈತ್ರಾಸೊಂದನ್ನು ಹಿಡಿದು ಕಾಲೇಜಿನ ವ್ಯಾಯಾಮಶಾಲೆಗೆ ಹೋದೆವು. ಪ್ಲೇಟುಗಳನ್ನೆಲ್ಲ ತೆಗೆದು, ಖಾಲಿ ಬಾರ್‌ನ ನಡುವೆ ಹಗ್ಗ ಕಟ್ಟಿ, ತ್ರಾಸಿನ ಕೊಕ್ಕೆಗೆ ಸಿಕ್ಕಿಸಿ ನಿಧಾನವಾಗಿ ಒಂದೇ ವೇಗದಲ್ಲಿ ಮೇಲೆತ್ತಿದೆವು. ತ್ರಾಸು 11 ಕಿ.ಗ್ರಾಂ. ತೋರಿಸಿತು. ಅದೇ ವೇಗದಲ್ಲಿ ಇಳಿಸಿದಾಗ 7 ಕಿ.ಗ್ರಾಂ. ತೋರಿಸಿತು. ಬಾರ್‌ನ ಮೇಲೆ ಅಂಟಿಸಿದ್ದ ಚೀಟಿಯಲ್ಲಿ ಇದ್ದದ್ದು 20 ಕಿ.ಗ್ರಾಂ.

ಎತ್ತುವಾಗ ಘರ್ಷಣೆ ನಮಗೆ ವಿರುದ್ಧ, ಇಳಿಸುವಾಗ ನಮ್ಮ ಪರ. ಆದ್ದರಿಂದ ಎರಡು ಅಳತೆಗಳ ಸರಾಸರಿ, ಅಂದರೆ 9 ಕಿ.ಗ್ರಾಂ., ಬಾರ್‌ನ ಪರಿಣಾಮಕಾರಿ ತೂಕ. ಅವುಗಳ ವ್ಯತ್ಯಾಸದ ಅರ್ಧ, ಅಂದರೆ 2 ಕಿ.ಗ್ರಾಂ., ಘರ್ಷಣೆಯ ಪಾಲು. ಹಾಗಾದರೆ ಉಳಿದ 11 ಕಿ.ಗ್ರಾಂ. ಎಲ್ಲಿ ಹೋಯಿತು? ಚೌಕಟ್ಟಿನ ಹಿಂದಿನ ಮುಚ್ಚಳ ತೆಗೆದಾಗ ಅದು ಸಿಕ್ಕಿತು. ಬಾರ್‌ನಿಂದ ಹೊರಟ ಉಕ್ಕಿನ ಹಗ್ಗ ಮೇಲಿನ ರಾಟೆಯನ್ನು ಬಳಸಿ ಕೆಳಗಿಳಿದು ಒಂದು ಪ್ರತಿಭಾರವನ್ನು ಹೊತ್ತಿತ್ತು. ನೀವು ತರಗತಿಯಲ್ಲಿ ಪಾಠ ಮಾಡುವ ಆಟ್‌ವುಡ್ ಯಂತ್ರವೇ ಇದು!

ವಿದ್ಯಾರ್ಥಿಯ ಲೆಕ್ಕದಲ್ಲಿ ಬಾರ್ 20, ಪ್ಲೇಟು 30, ಒಟ್ಟು 50. ಅವನ ಹೆಗಲ ಮೇಲೆ ನಿಜವಾಗಿ ಇದ್ದದ್ದು 39. ಊರಿನ ಜಿಮ್‌ನಲ್ಲಿ ಬಿಡಿ ಬಾರ್ ಪೂರ್ತಿ 20 ಕಿ.ಗ್ರಾಂ. ಇತ್ತು. ತಿಳಿಯದೆಯೇ ಅವನು ಒಂದೇ ದಿನದಲ್ಲಿ 11 ಕಿ.ಗ್ರಾಂ. ಹೆಚ್ಚಿಸಿಕೊಂಡಿದ್ದ.

ಪ್ರತಿಭಾರ ತೂಕವನ್ನು ಕಳೆಯುತ್ತದೆ, ಜಡತ್ವವನ್ನು ಕೂಡುತ್ತದೆ. ಬಾರ್ ಮತ್ತು ಪ್ಲೇಟುಗಳ ರಾಶಿ 50, ಪ್ರತಿಭಾರ 11 ಆದಾಗ ಎತ್ತಬೇಕಾದ ತೂಕ 39 ಕಿ.ಗ್ರಾಂ.ನದು, ಚಲಿಸಬೇಕಾದ ರಾಶಿ 61 ಕಿ.ಗ್ರಾಂ. ಸೆಕೆಂಡಿನ ವರ್ಗಕ್ಕೆ 2 ಮೀಟರ್ ವೇಗೋತ್ಕರ್ಷದಿಂದ ಮೇಲೆತ್ತಲು, ಘರ್ಷಣೆಯನ್ನು ಬಿಟ್ಟರೆ, 382 ಕೂಡಿಸು 122, ಅಂದರೆ 504 ನ್ಯೂಟನ್ ಬಲ ಬೇಕು. ಬಿಡಿಯಾದ 39 ಕಿ.ಗ್ರಾಂ.ಗೆ 460 ನ್ಯೂಟನ್ ಸಾಕು. ನಿಧಾನವಾಗಿ ಎತ್ತಿದರೆ ಈ ವ್ಯತ್ಯಾಸ ತಿಳಿಯದು, ಜಗ್ಗಿ ಎತ್ತಿದರೆ ತಿಳಿಯುತ್ತದೆ.

ಪ್ರತಿಭಾರ ಇರುವುದು ತಪ್ಪಲ್ಲ. ಹೊಸಬರಿಗೂ ವಯಸ್ಸಾದವರಿಗೂ ಹಗುರವಾದ ಆರಂಭ ಒಳ್ಳೆಯದೇ. ಆದರೆ ಅದು ಎಷ್ಟೆಂಬುದು ಗೊತ್ತಿರಬೇಕು. ಎಲ್ಲ ಯಂತ್ರಗಳಲ್ಲೂ ಪ್ರತಿಭಾರ ಇರುವುದಿಲ್ಲ. ಆದ್ದರಿಂದ ಒಂದು ಯಂತ್ರದ ಅಂಕಿಯನ್ನು ಇನ್ನೊಂದಕ್ಕೆ ಹೊಂದಿಸಬೇಡಿ.

ಕಂಬಿ ಹೊರುವ ಪಾಲು

ತೂಕದ ವ್ಯತ್ಯಾಸವೊಂದೇ ಆ ವಿದ್ಯಾರ್ಥಿಯನ್ನು ಕೂರಿಸಿರಲಾರದು. ಬಿಡಿ ಬಾರ್ ಹೊತ್ತಾಗ ನಮ್ಮ ಬಲ ಸ್ವಲ್ಪ ಮುಂದಕ್ಕೋ ಹಿಂದಕ್ಕೋ ವಾಲಿದರೆ ಬಾರ್ ಆ ಕಡೆ ಸರಿಯುತ್ತದೆ. ಅದನ್ನು ತಡೆಯಲು ಬೆನ್ನು, ಸೊಂಟ, ಕಾಲುಗಳ ಅನೇಕ ಸ್ನಾಯುಗಳು ದುಡಿಯಬೇಕು. ಸ್ಮಿತ್ ಯಂತ್ರದಲ್ಲಿ ಆ ಅಡ್ಡಬಲಕ್ಕೆ ಕಂಬಿಯೇ ಸಮನಾದ ಪ್ರತಿಕ್ರಿಯೆ ಕೊಡುತ್ತದೆ. ಸಮತೋಲದ ಕೆಲಸವನ್ನು ಉಕ್ಕು ಮಾಡುತ್ತದೆ, ಸ್ನಾಯು ವಿರಮಿಸುತ್ತದೆ. 2009ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸ್ನಾಯುಗಳ ವಿದ್ಯುತ್ ಚಟುವಟಿಕೆಯನ್ನು ಅಳೆದಾಗ, ಬಿಡಿ ಬಾರ್‌ನ ಬಸ್ಕಿಯಲ್ಲಿ ಅದು ಸ್ಮಿತ್ ಯಂತ್ರದ ಬಸ್ಕಿಗಿಂತ ಸರಾಸರಿ 43 ಶೇಕಡಾ ಹೆಚ್ಚಿತ್ತು. ಪಾಲ್ಗೊಂಡವರು ಆರೇ ಮಂದಿ. ಆದ್ದರಿಂದ ಅಂಕಿಗಿಂತ ದಿಕ್ಕನ್ನು ಗಮನಿಸುವುದು ಜಾಣತನ.

ಕೆಲವು ಯಂತ್ರಗಳಲ್ಲಿ ಕಂಬಿಗಳು ನೇರ ನಿಂತಿರುತ್ತವೆ, ಕೆಲವದರಲ್ಲಿ ಸುಮಾರು 7 ಡಿಗ್ರಿ ವಾಲಿರುತ್ತವೆ. 7 ಡಿಗ್ರಿ ವಾಲಿದ ಕಂಬಿಯಲ್ಲಿ ಬಾರ್ 50 ಸೆಂ.ಮೀ. ಸರಿದರೆ ಅಡ್ಡಲಾಗಿ 6 ಸೆಂ.ಮೀ. ಸರಿಯುತ್ತದೆ. ಬಸ್ಕಿಯಲ್ಲಿ ಕೆಲವರಿಗೆ ಇದು ಹಿತ. ತೂಕದಲ್ಲಿ ಆಗುವ ಕಡಿತ ನೂರಕ್ಕೆ ಒಂದಕ್ಕಿಂತ ಕಡಿಮೆ. ಆದರೆ ತೂಕದ ಸುಮಾರು 12 ಶೇಕಡಾ ಭಾಗ ಕಂಬಿಯನ್ನು ಅಡ್ಡಲಾಗಿ ಒತ್ತುತ್ತದೆ. ಆದ್ದರಿಂದ ವಾಲಿದ ಕಂಬಿಯ ಯಂತ್ರದಲ್ಲಿ ಬೇರಿಂಗ್ ಒಳ್ಳೆಯದಿರಲೇಬೇಕು. ಕಡಿಮೆ ಬೆಲೆಯ ಯಂತ್ರಗಳಲ್ಲಿ ಹೆಚ್ಚಾಗಿ ನೈಲಾನ್ ಬುಷ್ ಇರುತ್ತದೆ. ಉಕ್ಕಿನ ಮೇಲೆ ಅದರ ಘರ್ಷಣಾಂಕ 0.2ರ ಆಸುಪಾಸು. ಗುಂಡುಗಳಿರುವ ರೇಖೀಯ ಬೇರಿಂಗ್‌ನಲ್ಲಿ ಅದು ಸಾವಿರದಲ್ಲಿ ಕೆಲವೇ ಭಾಗ.

ಮೇಜಿನ ಖಾನೆಯನ್ನು ಒಂದೇ ಬದಿಯ ಹಿಡಿಯಿಂದ ಎಳೆದಾಗ ಅದು ಓರೆಯಾಗಿ ಸಿಕ್ಕಿಕೊಳ್ಳುವುದನ್ನು ನೀವು ಕಂಡಿದ್ದೀರಿ. ಬಾರ್ ಕೂಡ ಹಾಗೆಯೇ. ಅಂಗಡಿಯಲ್ಲಿ ಖಾಲಿ ಬಾರ್‌ನ ಒಂದು ತುದಿಯನ್ನು ಮಾತ್ರ ಹಿಡಿದು ಎತ್ತಿ ನೋಡಿ. ಸಿಕ್ಕಿಕೊಂಡರೆ ಜಾರುಗೂಡು ತೀರ ಗಿಡ್ಡದ್ದು ಅಥವಾ ಕಂಬಿಗಳು ಸಮಾಂತರವಾಗಿಲ್ಲ. ಒಂದು ಕೈ ಮೊದಲು ದಣಿದಾಗ ಬಾರ್ ನಡುವಿನಲ್ಲೇ ಕೈಕೊಡುವುದು ಇಂಥ ಯಂತ್ರದಲ್ಲೇ.

ಕಂಬಿಯ ದಪ್ಪವನ್ನೂ ಅಳೆಯಿರಿ. ಗಟ್ಟಿ ಕಂಬಿಯ ಬಾಗುವಿಕೆ ವ್ಯಾಸದ ನಾಲ್ಕನೆಯ ಘಾತಕ್ಕೆ ವಿಲೋಮ ಅನುಪಾತದಲ್ಲಿದೆ. 25 ಮಿ.ಮೀ. ಬದಲು 30 ಮಿ.ಮೀ. ಕಂಬಿ ಇದ್ದರೆ ಬಾಗುವಿಕೆ ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಐದು ಮಿಲಿಮೀಟರಿನ ಬೆಲೆ ಇಷ್ಟು!

ಬಾರ್ ಬಿದ್ದರೆ?

ಒಬ್ಬರೇ ವ್ಯಾಯಾಮ ಮಾಡುವವರು ಈ ಯಂತ್ರವನ್ನು ಕೊಳ್ಳುವುದೇ ಸುರಕ್ಷತೆಗಾಗಿ. ಆದರೆ ಕೊಕ್ಕೆ ತಾನಾಗಿ ಸಿಕ್ಕಿಕೊಳ್ಳುವುದಿಲ್ಲ, ಮಣಿಕಟ್ಟು ತಿರುಗಬೇಕು. ದಣಿದ ಕೈ ತಿರುಗದಿದ್ದರೆ ಬಾರ್ ನೇರ ಕೆಳಗಿಳಿಯುತ್ತದೆ. ಆಗ ಕಾಪಾಡುವುದು ಕಂಬಿಯ ಕೆಳಭಾಗದಲ್ಲಿ ಬೇಕಾದ ಎತ್ತರಕ್ಕೆ ಕೂಡಿಸುವ ತಡೆಗಳು. ಈ ತಡೆಗಳಿಲ್ಲದ ಯಂತ್ರ ಎಷ್ಟು ಅಗ್ಗವಾದರೂ ಬೇಡ.

ಮಾರಾಟಗಾರರು "300 ಕಿಲೊ ತಡೆಯುತ್ತೆ ಸರ್" ಎನ್ನುತ್ತಾರೆ. ನಿಂತ ತೂಕವೋ ಬೀಳುವ ತೂಕವೋ ಎಂದು ಕೇಳಿ. ಪ್ರತಿಭಾರವಿಲ್ಲದ ಯಂತ್ರದಲ್ಲಿ ಬಾರ್, ಪ್ಲೇಟು ಸೇರಿ 60 ಕಿ.ಗ್ರಾಂ. ಇದ್ದು, 10 ಸೆಂ.ಮೀ. ಬಿದ್ದು ಉಕ್ಕಿನ ತಡೆಗೆ ಬಡಿಯಿತು ಎನ್ನಿ. ತಡೆ 5 ಮಿ.ಮೀ. ಬಾಗಿ ನಿಲ್ಲಿಸಿದರೆ, ಕಳೆದುಕೊಂಡ ಪ್ರಚ್ಛನ್ನ ಶಕ್ತಿಯನ್ನು ನಿಲ್ಲುವ ದೂರದಿಂದ ಭಾಗಿಸಿ. ಸರಾಸರಿ ಬಲ ಸುಮಾರು 12,300 ನ್ಯೂಟನ್, ಅಂದರೆ ತೂಕದ 21 ಪಟ್ಟು. ಅದೇ ತಡೆಗೆ ರಬ್ಬರ್ ಅಥವಾ ಸ್ಪ್ರಿಂಗ್ ಕೂಡಿಸಿ ನಿಲ್ಲುವ ದೂರವನ್ನು 2 ಸೆಂ.ಮೀ. ಮಾಡಿದರೆ ಬಲ ತೂಕದ 6 ಪಟ್ಟಿಗೆ ಇಳಿಯುತ್ತದೆ. ತಡೆಯ ಮೇಲಿನ ರಬ್ಬರ್ ಬಿಲ್ಲೆ ಅಲಂಕಾರಕ್ಕಲ್ಲ.

ತಡೆಯನ್ನು ಬಸ್ಕಿಯ ಅತಿ ಕೆಳಗಿನ ಮಟ್ಟಕ್ಕಿಂತ ಎರಡು ಮೂರು ಸೆಂ.ಮೀ. ಕೆಳಗೆ ಇಡಿ. ಬೆಂಚಿನ ಮೇಲೆ ಮಲಗಿ ಎತ್ತುವಾಗ, ಕೈಬಿಟ್ಟರೂ ಬಾರ್ ಎದೆಯಿಂದ ಒಂದೆರಡು ಬೆರಳು ಮೇಲೆ ನಿಲ್ಲುವಂತಿರಲಿ. ಮೊದಲು ಖಾಲಿ ಬಾರ್ ಬಿಟ್ಟು ಪರೀಕ್ಷಿಸಿ, ನಂತರವೇ ಪ್ಲೇಟು ಏರಿಸಿ.

ನೆಲ ಮತ್ತು ಜಾಗ

ಯಂತ್ರ 150, ಪ್ಲೇಟು 150, ಮನುಷ್ಯ 75, ಒಟ್ಟು 375 ಕಿ.ಗ್ರಾಂ. ಎನ್ನೋಣ. ಯಂತ್ರ 2.1 ಮೀ. ಅಗಲ, 1.5 ಮೀ. ಆಳ ಇದ್ದರೆ ಚದರ ಮೀಟರಿಗೆ ಸುಮಾರು 1.2 ಕಿಲೋನ್ಯೂಟನ್ ಆಯಿತು. ವಾಸದ ಕೋಣೆಗಳ ನೆಲಕ್ಕೆ ಭಾರತೀಯ ಮಾನಕ ಇಟ್ಟಿರುವ ಬಳಕೆಯ ಹೊರೆ ಚದರ ಮೀಟರಿಗೆ 2 ಕಿಲೋನ್ಯೂಟನ್. ನೋಡಲು ಸುರಕ್ಷಿತವೇ. ಆದರೆ ಯಂತ್ರ ನಿಲ್ಲುವುದು ನಾಲ್ಕು ಪಾದಗಳ ಮೇಲೆ. ಪ್ರತಿ ಪಾದ 10 ಸೆಂ.ಮೀ. ಚೌಕವಾದರೆ ಅವುಗಳ ಅಡಿಯ ಒತ್ತಡ ಸುಮಾರು 92 ಕಿಲೋಪಾಸ್ಕಲ್, ಅಂದರೆ ಸರಾಸರಿಯ ಸುಮಾರು 80 ಪಟ್ಟು. ಟೈಲ್ಸ್ ಬಿರಿಯುವುದು ಹೀಗೆ. ದಪ್ಪ ಪ್ಲೈವುಡ್ ಮತ್ತು ರಬ್ಬರ್ ಹಾಸು ಹಾಕಿ ಬಲವನ್ನು ಹರಡಿ. ಮಹಡಿಯ ಮೇಲೆ ಇಡುವುದಾದರೆ, ಬೀಳುವ ತೂಕದ ಲೆಕ್ಕವನ್ನು ನೆನಪಿಟ್ಟುಕೊಂಡು, ಎಂಜಿನಿಯರ್ ಒಬ್ಬರನ್ನು ಕೇಳಿಯೇ ಇಡಿ. ಅಳತೆ ಪಟ್ಟಿಯಿಂದ ಸೂರಿನ ಎತ್ತರವನ್ನೂ, ಬದಿಯಲ್ಲಿ ಪ್ಲೇಟು ಏರಿಸಲು ಬೇಕಾದ ಜಾಗವನ್ನೂ ನೋಡಿಕೊಳ್ಳಿ.

ಮನೆಗೋ, ಜಿಮ್‌ಗೋ?

ಮನೆಯ ಯಂತ್ರ ದಿನಕ್ಕೆ ಒಂದು ಗಂಟೆ ದುಡಿದರೆ ಹೆಚ್ಚು. ಬಳಸುವವರಿಗೆ ಅದರ ಗುಣದೋಷ ಗೊತ್ತು. ಅಲ್ಲಿ ನೇರ ಕಂಬಿ, ಒಳ್ಳೆಯ ಬುಷ್ ಸಾಕಾಗಬಹುದು. ಬೇರಿಂಗಿನಲ್ಲಿ ಉಳಿತಾಯ ಮಾಡಿದರೂ ತಡೆಗಳಲ್ಲಿ ಮಾಡಬೇಡಿ. ಮನೆಯಲ್ಲಿ ಬಾರ್ ಹಿಡಿಯಲು ಎರಡನೆಯ ಗೆಳೆಯ ಇರುವುದಿಲ್ಲ.

ಕಾಲೇಜು ಅಥವಾ ವಾಣಿಜ್ಯ ಜಿಮ್‌ನಲ್ಲಿ ಯಂತ್ರ ದಿನಕ್ಕೆ ಹತ್ತು ಹನ್ನೆರಡು ಗಂಟೆ ದುಡಿಯುತ್ತದೆ, ಪರಿಚಯವಿಲ್ಲದ ನೂರು ಕೈಗಳು ಅದನ್ನು ಹಿಡಿಯುತ್ತವೆ. ಅಲ್ಲಿ ರೇಖೀಯ ಬೇರಿಂಗ್, ದಪ್ಪ ಕಂಬಿ, ನೆಲಕ್ಕೆ ಬೋಲ್ಟು, ಬಿಡಿಭಾಗಗಳ ಭರವಸೆ ಇವೆಲ್ಲ ಬೇಕು. ಪ್ರತಿಭಾರದ ಹಗ್ಗವನ್ನು ತಿಂಗಳಿಗೊಮ್ಮೆ ಪರೀಕ್ಷಿಸಬೇಕು. ಎಳೆ ಬಿಟ್ಟಿದ್ದರೆ ಬದಲಾಯಿಸಬೇಕು. ಹಗ್ಗ ತುಂಡಾದ ಕ್ಷಣದಲ್ಲಿ, ಕಳೆದಿದ್ದ ಆ 11 ಕಿ.ಗ್ರಾಂ. ಒಮ್ಮೆಲೇ ಹೆಗಲಿಗೆ ಬರುತ್ತದೆ.

ಮೇಲಿನ ಪ್ರಯೋಗಕ್ಕೆ ಅರ್ಧ ಗಂಟೆ ಸಾಕು. ನಿಮ್ಮ ವಿದ್ಯಾರ್ಥಿಗಳಿಂದ ಮಾಡಿಸಿ: ಖಾಲಿ ಬಾರ್ ಎತ್ತುವಾಗಿನ ಮತ್ತು ಇಳಿಸುವಾಗಿನ ಅಳತೆ, ಅನಂತರ ಎರಡೂ ಬದಿಗೆ 5 ಕಿ.ಗ್ರಾಂ. ಪ್ಲೇಟು ಏರಿಸಿ ಮತ್ತೆ ಅವೇ ಅಳತೆಗಳು. ಸರಾಸರಿ ಸರಿಯಾಗಿ 10 ಕಿ.ಗ್ರಾಂ. ಏರಿತೇ? ಘರ್ಷಣೆಯ ಪಾಲು ಏರಿತೇ, ಹಾಗೆಯೇ ಉಳಿಯಿತೇ? ಎರಡನೆಯ ಉತ್ತರದಿಂದ ಬೇರಿಂಗಿನ ಗುಣ ತಿಳಿಯುತ್ತದೆ. ತ್ರಾಸು ಹೊರುವ ಮಿತಿಯನ್ನು ಮಾತ್ರ ಮೀರಬೇಡಿ.

ನಮ್ಮ ಕಾಲೇಜಿನ ಯಂತ್ರದ ಮೇಲಿದ್ದ ಹಳೆಯ ಚೀಟಿಯನ್ನು ಆ ವಿದ್ಯಾರ್ಥಿಯೇ ಕಿತ್ತು ಹೊಸದೊಂದನ್ನು ಅಂಟಿಸಿದ: "ಖಾಲಿ ಬಾರ್ 9 ಕಿ.ಗ್ರಾಂ. ಎತ್ತುವಾಗ 11, ಇಳಿಸುವಾಗ 7. ಬಿಡಿ ಬಾರ್ ಹಿಡಿಯುವ ಮೊದಲು ಲೆಕ್ಕ ಹಾಕಿ." ನಿಮ್ಮ ಯಂತ್ರದ ಚೀಟಿಯಲ್ಲಿ ಯಾವ ಅಂಕಿಗಳು ಬರುತ್ತವೆ, ಅಳೆದು ನೋಡಿ.