ಫೋನಿಗೆ ಎರಡು ದಾರಿ ಏಕೆ ಬೇಕು?



ಸ್ಮಾರ್ಟ್‌ಫೋನಿಗೆ ಇಂಟರ್‌ನೆಟ್ ಬರುವ ದಾರಿಗಳು ಎರಡು. ಮೊಬೈಲ್ ಟವರಿನದು ಕಾಲುವೆ ನೀರಿನಂತೆ. ಹಲವು ಕಿಲೋಮೀಟರ್ ಮುಟ್ಟುತ್ತದೆ, ಆದರೆ ಬಳಸುವವರು ಹೆಚ್ಚಿದಷ್ಟೂ ಒಬ್ಬೊಬ್ಬರ ಪಾಲು ಕಡಿಮೆ. ವೈಫೈ ಹಿತ್ತಲ ಬಾವಿಯಂತೆ. ಮನೆಗೆ ಬಂದ ತಂತಿಯ ಸಂಪರ್ಕವನ್ನು ಮನೆಯ ಸುತ್ತಮುತ್ತ ಮಾತ್ರ ಹರಡುತ್ತದೆ.

ಮೊದಮೊದಲ ಸ್ಮಾರ್ಟ್‌ಫೋನುಗಳಲ್ಲಿ ವೈಫೈ ಇರಬೇಕೇ ಎಂಬ ಪ್ರಶ್ನೆ ಇತ್ತು. ವೈಫೈ ಇಟ್ಟರೆ ಬ್ಯಾಟರಿ ಬೇಗ ತೀರುತ್ತಿತ್ತು, ತಯಾರಿಕೆಯ ಖರ್ಚೂ ಏರುತ್ತಿತ್ತು. ಅಲ್ಲದೆ, ಟವರಿನ ಬಳಕೆಗೆ ಹಣ ಪಡೆಯುವ ಕಂಪನಿಗೆ ಗಿರಾಕಿ ಬೇರೆ ದಾರಿ ಹಿಡಿದರೆ ಲಾಭವಿಲ್ಲ. 2006ರಲ್ಲಿ ಬಂದ ನೋಕಿಯಾ ಇ61 ಫೋನಿನಲ್ಲಿ ವೈಫೈ ಇತ್ತು. ಅದೇ ವರ್ಷ ಅಮೆರಿಕದ ಸಿಂಗ್ಯುಲರ್ ಕಂಪನಿ ಮಾರಿದ ಅದರ ಜೋಡಿ ಇ62ರಲ್ಲಿ ಇರಲಿಲ್ಲ. 2007ರ ಮೊದಲ ಐಫೋನಿನಲ್ಲಿ ಎರಡೂ ಇದ್ದವು. ಅದರ ಟವರ್ ಸಂಪರ್ಕ ಬಹಳ ನಿಧಾನ; ವೈಫೈ ಇದ್ದ ಕಡೆ ಕೆಲಸ ಬೇಗ ಸಾಗುತ್ತಿತ್ತು. ಮುಂದೆ ಎರಡೂ ಇರುವುದೇ ರೂಢಿಯಾಯಿತು.

ನಮಗೂ ಎರಡೂ ಬೇಕು. ಹೊಲದಲ್ಲಿ ನಿಂತು ಮಾರುಕಟ್ಟೆಯ ಧಾರಣೆ ತಿಳಿಯಲು ಟವರೇ ಗತಿ. ಮನೆಯಲ್ಲಿ ಮಕ್ಕಳ ಪಾಠದ ವಿಡಿಯೋಗೆ ವೈಫೈ ಲೇಸು. ದಪ್ಪ ಗೋಡೆಯ ಮನೆಯೊಳಗೆ ಟವರಿನ ಸಿಗ್ನಲ್ ಸಿಗದಿದ್ದರೆ ವೈಫೈ ಮೂಲಕವೇ ಕರೆ ಮಾಡಬಹುದು. ಫೋನಿನಲ್ಲೂ ಸಿಮ್ ಕಂಪನಿಯಲ್ಲೂ ಆ ಸೌಲಭ್ಯ ಇರಬೇಕು, ಅಷ್ಟೆ.

ಆದುದರಿಂದ ಫೋನು ಕೊಳ್ಳುವಾಗ ಈ ಸೌಲಭ್ಯ ಉಂಟೇ ಎಂದು ಅಂಗಡಿಯಲ್ಲೇ ವಿಚಾರಿಸಿರಿ. ಮನೆಯ ವೈಫೈಗೆ ಗುಪ್ತಪದ ಇಡಿರಿ. ಗುರುತಿಲ್ಲದವರ ವೈಫೈ ಹಿಡಿದು ಬ್ಯಾಂಕಿನ ವ್ಯವಹಾರ ಮಾಡಬೇಡಿರಿ.