ಜೌಗಿಗೂ ಹೂಳೆತ್ತಬೇಕು

ಕೆರೆ ಕಟ್ಟಿದವರಿಗೆ ಹೂಳೆತ್ತುವ ಕೆಲಸ ತಪ್ಪಿದ್ದಲ್ಲ. ಬೇಸಿಗೆಯಲ್ಲಿ ಕೆರೆಯ ಗೋಡನ್ನು ಗಾಡಿಗೆ ತುಂಬಿ ಹೊಲಕ್ಕೆ ಸಾಗಿಸುವುದನ್ನು ನಮ್ಮ ಹಳ್ಳಿಗಳಲ್ಲಿ ಯಾರೂ ಕೆರೆಗೆ ಮಾಡಿದ ಅಪಚಾರ ಎನ್ನಲಿಲ್ಲ. ಆದರೆ ಒಂದು ಜಾಗಕ್ಕೆ ‘ನಿಸರ್ಗಧಾಮ’ ಎಂಬ ಹೆಸರು ಬಿದ್ದೊಡನೆ, ಬೇಲಿ ಹಾಕಿ ಫಲಕ ನೆಟ್ಟು ಮುಟ್ಟದೆ ಬಿಟ್ಟರೆ ಸಾಕು ಅನ್ನಿಸಿಬಿಡುತ್ತದೆ. ಈ ಎಣಿಕೆ ಎಷ್ಟು ತಪ್ಪೆಂದು ತಿಳಿಯಲು ಕೆನಡಾದ ಓಕ್‌ವಿಲ್‌ನ ಪೂರ್ವ ಗಡಿ ದಾಟಿ, ಮಿಸಿಸಾಗ ನಗರದೊಳಗಿರುವ ರ‍್ಯಾಟ್ರೇ ಮಾರ್ಷ್ ಎಂಬ ಜೌಗನ್ನು ನೋಡಬೇಕು. ಒಂಟಾರಿಯೊ ಸರೋವರದ ವಿಸ್ತಾರ ಸುಮಾರು 19,000 ಚದರ ಕಿಲೋಮೀಟರ್. ಅದರ ಅಂಚಿಗೆ ಅಂಟಿಕೊಂಡ ಈ ಜಾಗ ನೂರು ಎಕರೆಯೂ ಇಲ್ಲ.

ಈ ದಡದಲ್ಲಿ ಹಳ್ಳಗಳು ಸರೋವರ ಸೇರುವ ಕಡೆಯಲ್ಲೆಲ್ಲ ಜೌಗು ಹುಟ್ಟುವುದು ಸಹಜ. ಆದರೆ ಹಡಗಿಗೆ ಬೇಕಾದದ್ದೂ ಅದೇ ಜಾಗ. 1827ರಲ್ಲಿ ವಿಲಿಯಂ ಚಿಶೋಮ್ ಎಂಬಾತ ಸಿಕ್ಸ್‌ಟೀನ್ ಮೈಲ್ ಕ್ರೀಕ್‌ನ ಮುಖದಲ್ಲಿ 960 ಎಕರೆ ಕೊಂಡು ಬಂದರು ಕಟ್ಟಿಸಿದ; ಓಕ್‌ವಿಲ್ ಊರು ಬೆಳೆದದ್ದೇ ಆ ಬಂದರಿನಿಂದ. ಟೊರಾಂಟೊದಿಂದ ಬರ್ಲಿಂಗ್ಟನ್‌ವರೆಗೆ ದಡ ಹೀಗೆಯೇ ಗೋಡೆ, ಕಲ್ಲು, ಮನೆಗಳಾಯಿತು. ರ‍್ಯಾಟ್ರೇ ಎಸ್ಟೇಟಿನ, ಅಂದರೆ ಈ ಜೌಗಿದ್ದ ಜಮೀನಿನ, ಒಂದು ಭಾಗವೂ ಮನೆಗಳಾಗಿದೆ. ಉಳಿದದ್ದು ಸುತ್ತಲಿನ ನಿವಾಸಿಗಳು ಹಟ ಹಿಡಿದು ಹೋರಾಡಿದ್ದರಿಂದ. 1975ರಲ್ಲಿ ಕ್ರೆಡಿಟ್ ವ್ಯಾಲಿ ಸಂರಕ್ಷಣಾ ಪ್ರಾಧಿಕಾರ ಅದನ್ನು ಸಾರ್ವಜನಿಕರಿಗೆ ತೆರೆಯಿತು.

ಜೌಗಿಗೂ ಸರೋವರಕ್ಕೂ ನಡುವೆ ಇರುವುದು ಚಪ್ಪಟೆ ಕಲ್ಲುಗಳ ಒಂದು ದಿಬ್ಬ. ಅಲೆಗಳೇ ಕಲ್ಲು ಪೇರಿಸಿ ಅದನ್ನು ಕಟ್ಟುತ್ತವೆ. ಜೌಗಿಗೆ ಹರಿದು ಬರುವ ಶೆರಿಡನ್ ಕ್ರೀಕ್ ಎಂಬ ಹಳ್ಳ ಉಕ್ಕಿದಾಗ ದಿಬ್ಬ ಒಡೆಯುತ್ತದೆ. ಮತ್ತೆ ಅಲೆಗಳು ಮುಚ್ಚುತ್ತವೆ. ಇದರಿಂದಾಗುವ ನೀರಿನ ಏರಿಳಿತವೇ ಜೌಗಿನ ಉಸಿರಾಟ. ನೀರಿಳಿದಾಗ ಬಯಲಾದ ಕೆಸರಿನಲ್ಲಿ ಬೀಜ ಮೊಳೆಯುತ್ತವೆ, ನೀಳಗಾಲಿನ ಹಕ್ಕಿಗಳು ಹುಳ ಹೆಕ್ಕುತ್ತವೆ. ನೀರೇರಿದಾಗ ಜೊಂಡಿನ ಬುಡ ಮೀನುಮರಿಗಳಿಗೆ ಮನೆಯಾಗುತ್ತದೆ. ಜೊಂಡಿನ ನಡುವೆ ಕೆಂಪು ಭುಜದ ಕರಿಹಕ್ಕಿಯ ಕೂಗು, ತೇಲುವ ಕೊರಡಿನ ಮೇಲೆ ಬಿಸಿಲು ಕಾಯುವ ಬಣ್ಣದ ಆಮೆ, ಆಳವಿಲ್ಲದ ನೀರಲ್ಲಿ ಅಲುಗದೆ ನಿಂತ ದೊಡ್ಡ ನೀಲಿ ಬಕ, ಮೇಲೆ ಪಟ್ಟೆಕತ್ತಿನ ಮಿಂಚುಳ್ಳಿ. ನಾಲ್ಕು ಹೆಜ್ಜೆ ಮೇಲೇರಿದರೆ ಓಕ್, ಮೇಪಲ್, ಹೆಮ್ಲಾಕ್ ಮರಗಳ ಕಾಡು; ಅಲ್ಲಿ ಬಿಳಿಬಾಲದ ಜಿಂಕೆ.

ಇದನ್ನೆಲ್ಲ ಕೆಡಿಸಿದ್ದು ಬೇಲಿ ಹಾರಿ ಬಂದ ಕಳ್ಳರಲ್ಲ, ನೀರಿನ ಜೊತೆಗೇ ಬಂದದ್ದು. ಹಳ್ಳದ ಮೇಲ್ದಂಡೆಯಲ್ಲಿ ರಸ್ತೆ, ಚಾವಣಿ, ಪಾರ್ಕಿಂಗ್ ಹಬ್ಬಿದಂತೆ ಮಳೆನೀರು ನೆಲಕ್ಕಿಳಿಯದೆ ಒಮ್ಮೆಲೇ ನುಗ್ಗಿ, ದಂಡೆ ಕೊರೆದು, ಹೂಳು ತಂದು ಸುರಿಯಿತು. ಚಳಿಗಾಲದಲ್ಲಿ ರಸ್ತೆಗೆ ಎರಚುವ ಉಪ್ಪೂ ಕರಗಿ ಇಲ್ಲಿಗೇ ಬರುತ್ತದೆ. ಇದರ ಮೇಲೆ ಸಾಮಾನ್ಯ ಗೆಂಡೆ. ನಮ್ಮ ಕೆರೆಗಳಲ್ಲಿ ಸಾಕುವ ಅದೇ ಮೀನು ಅಲ್ಲೂ ಹೊರಗಿನದು. ತಳ ಕೆದಕಿ ಗಿಡ ಕೀಳುತ್ತದೆ, ಕದಡಿದ ನೀರಿಗೆ ಬೆಳಕಿಳಿಯದೆ ಉಳಿದ ಗಿಡಗಳೂ ಸಾಯುತ್ತವೆ. ಕಾಡಿನ ಆಶ್ ಮರಗಳನ್ನು ಏಷ್ಯಾದಿಂದ ಬಂದ ಒಂದು ಹಸಿರು ದುಂಬಿಯ ಮರಿಹುಳು ತೊಗಟೆಯಡಿ ಕೊರೆದು ಒಣಗಿಸಿತು. ಮುಟ್ಟದೆ ಬಿಟ್ಟಿದ್ದರೆ ಉಳಿಯುತ್ತಿದ್ದದ್ದು ಕದಡಿದ ಹೊಂಡ ಮಾತ್ರ. ಪ್ರಾಧಿಕಾರ ಯಂತ್ರವಿಳಿಸಿ ಹೂಳೆತ್ತಿತು, ಗೆಂಡೆಗೆ ತಡೆ ಕಟ್ಟಿತು, ಸ್ಥಳೀಯ ಗಿಡಗಳನ್ನು ನೆಟ್ಟಿತು.

ಯಂತ್ರದಿಂದ ತೋಡಿದ್ದು ನಿಸರ್ಗವೇ ಎಂದು ಕೇಳುವವರಿದ್ದಾರೆ. ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟನ್ನು ನೆನೆಯಬೇಕು. ಹದಿನೇಳನೆಯ ಶತಮಾನದಲ್ಲಿ ಕಾವೇರಿಗೆ ಕಟ್ಟೆ ಕಟ್ಟಿದ್ದರಿಂದ ಮೂಡಿದ ನಡುಗಡ್ಡೆಗಳವು. 1940ರಲ್ಲಿ ಪಕ್ಷಿತಜ್ಞ ಸಲೀಂ ಅಲಿಯವರ ಸಲಹೆಯಂತೆ ಪಕ್ಷಿಧಾಮವಾಯಿತು. ಪ್ರವಾಹಕ್ಕೆ ಕೊಚ್ಚಿಹೋಗುವ ಅಂಚುಗಳಿಗೆ ಮರಳಿನ ಚೀಲ ಜೋಡಿಸಿ ಕಾಪಾಡಬೇಕಾಗಿದೆ. ಅಲ್ಲಿ ಗೂಡು ಕಟ್ಟುವ ಕೊಕ್ಕರೆಗೆ ತಿಟ್ಟು ಯಾರಿಂದಾಯಿತೆಂಬುದು ಮುಖ್ಯವಲ್ಲ. ಇಷ್ಟು ಸಣ್ಣ ಜಾಗಕ್ಕೆ ಇಷ್ಟು ಖರ್ಚೇಕೆ ಎಂಬುದು ಇನ್ನೊಂದು ಆಕ್ಷೇಪ. ಮೇ ತಿಂಗಳ ರಾತ್ರಿಗಳಲ್ಲಿ ಬೆರಳುದ್ದದ ವಾರ್ಬ್ಲರ್ ಹಕ್ಕಿಗಳು ಸರೋವರ ದಾಟಿ ಬಳಲಿ ಇಳಿಯುವುದು ಈ ದಡಕ್ಕೆ. ಸೆಪ್ಟೆಂಬರಿನಲ್ಲಿ ಮೆಕ್ಸಿಕೋಗೆ ಹೊರಟ ಮೊನಾರ್ಕ್ ಚಿಟ್ಟೆಗಳೂ ಈ ದಡ ಹಿಡಿದೇ ಸಾಗುತ್ತವೆ. ದಕ್ಷಿಣ ಒಂಟಾರಿಯೊ ತನ್ನ ಮೂಲ ಜೌಗುಗಳಲ್ಲಿ ಶೇ. 70ಕ್ಕೂ ಹೆಚ್ಚು ಕಳೆದುಕೊಂಡಿರುವಾಗ, ಸಣ್ಣದೆಂಬ ಕಾರಣಕ್ಕೆ ಬಿಟ್ಟುಕೊಡಲು ಏನು ಉಳಿದಿದೆ?

ಒಂದು ಆಕ್ಷೇಪವನ್ನು ಮಾತ್ರ ಒಪ್ಪಲೇಬೇಕು. ಮೇಲಿಂದ ಹೂಳು ಬರುತ್ತಲೇ ಇದ್ದರೆ ಕೆಳಗೆ ಎತ್ತುತ್ತಲೇ ಇರಬೇಕು. ಆದ್ದರಿಂದ ಮನೆ ಚಾವಣಿಯ ನೀರನ್ನು ಹಿತ್ತಲಿಗೇ ಇಂಗಿಸುವುದು, ಅಂಗಳಕ್ಕೆ ಎರಚುವ ಉಪ್ಪನ್ನು ಕಡಿಮೆ ಮಾಡುವುದು, ಸಾಕಿ ಬೇಸರವಾದ ಚಿನ್ನದ ಮೀನನ್ನು ಹಳ್ಳಕ್ಕೆ ಬಿಡದಿರುವುದು, ಇವೂ ಜೌಗಿನ ಕೆಲಸವೇ. ಅದರಿಂದ ಜೌಗಿನೊಳಗಿನ ದುಡಿಮೆ ನಿಲ್ಲುತ್ತದೆ ಎಂದಲ್ಲ. ಓಕ್‌ವಿಲ್‌ನ ಪಶ್ಚಿಮಕ್ಕೆ, ಹ್ಯಾಮಿಲ್ಟನ್‌ನ ಕೂಟ್ಸ್ ಪ್ಯಾರಡೈಸ್ ಜೌಗಿನ ಬಾಯಲ್ಲಿ 1990ರ ದಶಕದಿಂದ ಮೀನಿಗೊಂದು ಬಾಗಿಲಿದೆ. ವಸಂತದಲ್ಲಿ ಅಲ್ಲಿ ಬುಟ್ಟಿಗಳಲ್ಲಿ ಮೀನು ಮೇಲೆತ್ತಿ, ಕೈಯಿಂದಲೇ ಆರಿಸಿ, ಮೊಟ್ಟೆಯಿಡಲು ಬಂದ ಪೈಕ್ ಮೀನನ್ನು ಒಳಕ್ಕೆ, ಗೆಂಡೆಯನ್ನು ಹೊರಕ್ಕೆ ಬಿಡುತ್ತಾರೆ.